ದಿನಕ್ಕೆ ಎರಡು ಫೋಟೋ

1991ರ ಲೋಕಸಭಾ ಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಬಾಗಲಕೋಟೆಯಿಂದ ನಿಂತು ಸೋತರು. ಗೆದ್ದವರು ಜಮಖಂಡಿಯ ಸಿದ್ದು ನ್ಯಾಮಗೌಡ. ಸರ್ಕಾರದ ದಾರಿ ಕಾಯದೆ ರೈತರಿಂದಲೇ ಹಣ, ಶ್ರಮ ಕೂಡಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿ 'ಬ್ಯಾರೇಜ್ ಸಿದ್ದು' ಅನ್ನಿಸಿಕೊಂಡವರು ಅವರು. ದಿಲ್ಲಿಯವರೆಗೆ ಹೆಸರು ಮಾಡಿದ ನಾಯಕನಿಗಿಂತ ಹೊಲಕ್ಕೆ ನೀರು ತಂದ ಊರಿನವನೇ ವಾಸಿ ಎಂದು ಜನ ಲೆಕ್ಕ ಹಾಕಿದ್ದರು. ಸೋಲಿಗೆ ಅದು ಸಾಕಿತ್ತು. ಆದರೆ ಅದಕ್ಕೂ ಮೊದಲು ಹೆಗಡೆಯವರು ಮುಖ್ಯಮಂತ್ರಿಯ ಕುರ್ಚಿ ಬಿಟ್ಟಿದ್ದು ಬೇರೆಯದೇ ಕಾರಣಕ್ಕೆ. ಅದು ಟೆಲಿಫೋನ್ ಕದ್ದಾಲಿಕೆ.

1988ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ರಾಜ್ಯದ ಪೊಲೀಸರು ಯಾರ ಯಾರ ಫೋನಿಗೆ ಕಿವಿಗೊಟ್ಟಿದ್ದರು ಎಂಬ ಪಟ್ಟಿ ಹೊರಬಿದ್ದಿತ್ತು. ಅದರಲ್ಲಿ ಸ್ವಂತ ಪಕ್ಷದವರ ಹೆಸರುಗಳೂ ಇದ್ದವು. ಎಚ್.ಡಿ. ದೇವೇಗೌಡ ಮತ್ತು ಅಜಿತ್ ಸಿಂಗ್ ಫೋನಿನಲ್ಲಿ ಆಡಿದ ಮಾತು ಪತ್ರಿಕೆಯಲ್ಲೇ ಅಚ್ಚಾಗಿಬಿಟ್ಟಿತ್ತು. ನೈತಿಕ ಹೊಣೆ ಹೊತ್ತು ಹೆಗಡೆ ಇಳಿದರು, ಎಸ್.ಆರ್. ಬೊಮ್ಮಾಯಿ ಏರಿದರು. ಹೆಗಡೆ, ದೇವೇಗೌಡ ಇಬ್ಬರೂ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು. ಅದೇ ಕಾಲಕ್ಕೆ ಬೆಂಗಳೂರಿನ ಜೈಲಿನಲ್ಲಿ ಸಮಾಜವಾದಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡಿದ್ದರು. ಆ ನೆನಪನ್ನೇ ಬಂಡವಾಳ ಮಾಡಿಕೊಂಡು 1983ರಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರ ಒಳ್ಳೆಯ ಕೆಲಸ ಮಾಡಲಿಲ್ಲವೆಂದಲ್ಲ. ಸಚಿವ ಅಬ್ದುಲ್ ನಜೀರ್ ಸಾಬ್ ಪಂಚಾಯತಿಗಳ ಕೈಗೆ ಅಧಿಕಾರ ಕೊಟ್ಟರು. 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು. ಅಧಿಕಾರದಲ್ಲಿ ಇರುವವರ ಮೇಲೆ ಕಣ್ಣಿಡಲು ಇಂಥ ಸಂಸ್ಥೆ ಕಟ್ಟಿದ ಸರ್ಕಾರದ ಪೊಲೀಸರೇ 1885ರ ಬ್ರಿಟಿಷ್ ಟೆಲಿಗ್ರಾಫ್ ಕಾಯ್ದೆಯ ನೆರಳಲ್ಲಿ ಕುಳಿತು ಗೆಳೆಯರ ಮಾತು ಕೇಳಿಸಿಕೊಳ್ಳುತ್ತಿದ್ದರು. ಇದಕ್ಕೆ ಅಂಕುಶ ಹಾಕುವ ತೀರ್ಪು ಸುಪ್ರೀಂ ಕೋರ್ಟಿನಿಂದ ಬಂದದ್ದು 1996ರ ಡಿಸೆಂಬರ್‌ನಲ್ಲಿ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಾಗಲೂ ಕದ್ದಾಲಿಕೆಯ ಅಧಿಕಾರ ಮಾತ್ರ ಎಲ್ಲೂ ಸವೆಯದೆ ಹೊಸ ಮನೆಗೆ ಬಂದು ಸೇರಿತು.

ಇನ್ನೊಂದು ಕಥೆ ಬಾದಾಮಿಯದು. 2018ರಲ್ಲಿ ಸಿದ್ದರಾಮಯ್ಯ ಇಲ್ಲಿಂದ 1,696 ಮತಗಳ ಅಂತರದಲ್ಲಿ ಗೆದ್ದರು. ಸಮಾಜವಾದಿ ನಾಯಕ ಲೋಹಿಯಾ ಹೆಸರು ಹೇಳುತ್ತ ರಾಜಕೀಯಕ್ಕೆ ಬಂದವರು ಅವರು. 2021ರ ಜುಲೈಯಲ್ಲಿ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶದ ಗುರಿಗಳೆನ್ನಲಾದ ನಂಬರುಗಳ ಪಟ್ಟಿ ಹೊರಬಂದಾಗ ಅವರ ಆಪ್ತ ಕಾರ್ಯದರ್ಶಿಯ ಫೋನ್ ನಂಬರ್ ಅದರಲ್ಲಿತ್ತು. ಎಚ್.ಡಿ. ಕುಮಾರಸ್ವಾಮಿಯವರ ಆಪ್ತ ಕಾರ್ಯದರ್ಶಿಯದ್ದೂ, ಜಿ. ಪರಮೇಶ್ವರ ಅವರದ್ದೂ ಇದ್ದವು. 2019ರಲ್ಲಿ ರಾಜ್ಯದ ಸಮ್ಮಿಶ್ರ ಸರ್ಕಾರ ಅಲ್ಲಾಡುತ್ತಿದ್ದ ಹೊತ್ತಿಗೆ ಈ ನಂಬರುಗಳ ಮೇಲೆ ಆಸಕ್ತಿ ಹುಟ್ಟಿತ್ತೆಂಬುದು ವರದಿ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿನೊಳಗೆ ಗೂಢಚಾರ ಹೊಕ್ಕಿತ್ತು ಎಂದು ಹೇಳುವಂತಿಲ್ಲ. ಸುಪ್ರೀಂ ಕೋರ್ಟಿನ ಸಮಿತಿ 29 ಫೋನ್ ಪರೀಕ್ಷಿಸಿ, ಐದರಲ್ಲಿ ಕುತಂತ್ರಾಂಶ ಸಿಕ್ಕಿದೆ, ಅದು ಪೆಗಾಸಸ್ಸೇ ಎನ್ನಲು ಪುರಾವೆ ಸಾಲದು ಎಂದು 2022ರಲ್ಲಿ ಹೇಳಿತು. ವಿಷಯ ಅಲ್ಲಿಗೇ ತಣ್ಣಗಾಯಿತು.

ಕಣ್ಗಾವಲು ಎಂದರೆ ನಮ್ಮ ಪತ್ರಿಕೆಗಳಿಗೆ ಇಂಥವೇ ನೆನಪಾಗುತ್ತವೆ. ಸಹಜ. ಮಂತ್ರಿಯ ಫೋನಿನಲ್ಲಿ ಕಥೆಯಿದೆ, ಒಳಸಂಚಿದೆ, ಬೀಳುವ ಸರ್ಕಾರವಿದೆ. ಬಾದಾಮಿ ತಾಲ್ಲೂಕಿನ ಯಾವುದೋ ಕೆರೆಯ ಹೂಳಿನಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸಿನ ಫೋಟೋದಲ್ಲಿ ಅದೇನೂ ಇಲ್ಲ. ಆದರೆ ಈ ಬಾಗಲಕೋಟೆ ಜಿಲ್ಲೆಯಲ್ಲಿ ಸರ್ಕಾರದ ಕಣ್ಣು ಪ್ರತಿದಿನ, ತಪ್ಪದೆ, ಹೆಸರು ಹಿಡಿದು ನೋಡುವುದು ಅವಳನ್ನೇ.

ಉದ್ಯೋಗ ಖಾತ್ರಿಯ ಕೆಲಸಕ್ಕೆ ಎನ್‌ಎಂಎಂಎಸ್ ಎಂಬ ಆ್ಯಪ್ ಬಂದದ್ದು 2021ರ ಮೇ ತಿಂಗಳಲ್ಲಿ. 2023ರ ಜನವರಿ 1ರಿಂದ ಎಲ್ಲ ಕಾಮಗಾರಿಗೂ ಕಡ್ಡಾಯವಾಯಿತು. ಬೆಳಿಗ್ಗೆ ಕಾಯಕ ಬಂಧು, ಅಂದರೆ ಕೂಲಿಗಳ ಮೇಟ್, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆಯಬೇಕು, ನಾಲ್ಕು ಗಂಟೆ ಬಿಟ್ಟು ಇನ್ನೊಂದು. ಫೋಟೋದ ಜೊತೆ ಜಾಗದ ಅಕ್ಷಾಂಶ, ರೇಖಾಂಶವೂ ಹೋಗುತ್ತದೆ. ಫೋಟೋ ಏರಲಿಲ್ಲವೆಂದರೆ ಹಾಜರಿ ಬೀಳುವುದಿಲ್ಲ, ಹಾಜರಿ ಬೀಳದಿದ್ದರೆ ಪಗಾರ ಇಲ್ಲ. ಈ ಕೆಲಸಕ್ಕೆ ಕೂಲಿ ನಿಗದಿಯಾಗುವುದು ಅಳತೆಯ ಮೇಲೆ. ಅಂದರೆ ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ತೆಗೆದರೆ ಇಷ್ಟು ಎಂದು. ಬಾದಾಮಿ, ಹುನಗುಂದದ ಏಪ್ರಿಲ್ ಬಿಸಿಲು ಬಲ್ಲವರು ಹಿಂದೆಲ್ಲ ನಸುಕಿನಲ್ಲೇ ಗುದ್ದಲಿ ಹಿಡಿದು, ಬಿಸಿಲೇರುವ ಮೊದಲೇ ಅಳತೆ ಮುಗಿಸಿ ಮನೆಗೆ ನಡೆದುಬಿಡುತ್ತಿದ್ದರು. ಈಗ ಕೆಲಸ ಮುಗಿದರೂ ಎರಡನೇ ಫೋಟೋಕ್ಕೆ ಕಾಯಬೇಕು. ನೆರಳಿಲ್ಲದ ಕೆರೆಯಂಗಳದಲ್ಲಿ ಯಾರಿಗೂ ಬೇಡವಾದ ಆ ಒಂದೆರಡು ಗಂಟೆ ಯಾವ ಅಳತೆಯಲ್ಲೂ ಬರುವುದಿಲ್ಲ, ಅದಕ್ಕೆ ಕೂಲಿಯೂ ಇಲ್ಲ.

ಇಷ್ಟೆಲ್ಲ ಮಾಡಿದ್ದು ಕಳ್ಳ ಹಾಜರಿ ತಡೆಯಲು. ತಡೆಯಿತೇ? 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋ ಏರಿಸುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಕಳಿಸುತ್ತಿದ್ದಾರೆ, ತಲೆ ಎಣಿಕೆಗೂ ಹಾಜರಿಗೂ ತಾಳೆಯಿಲ್ಲ ಎಂದು ಬರೆಯಿತು. ಪರಿಹಾರವೇನು ಗೊತ್ತೇ? ಎಲ್ಲ ಫೋಟೋಗಳನ್ನೂ ಗ್ರಾಮ ಪಂಚಾಯತಿಯವರು ಕಣ್ಣಾರೆ ನೋಡಿ ಪರಿಶೀಲಿಸಬೇಕಂತೆ. ಅಂದರೆ ನೋಡುವ ಯಂತ್ರವನ್ನು ನೋಡಲು ಮತ್ತೆ ಮನುಷ್ಯರೇ ಬೇಕಾದರು. ಹಗರಣ ಮಾಡುವ ಗುತ್ತಿಗೆದಾರನಿಗೆ ಆ್ಯಪ್ ಒಂದು ಸಣ್ಣ ತೊಡಕು, ಅಷ್ಟೇ. ಅದರ ನಿಜವಾದ ಭಾರ ಬಿದ್ದದ್ದು ಪ್ರಾಮಾಣಿಕವಾಗಿ ಮಣ್ಣು ಹೊತ್ತವಳ ಮೇಲೆ.

ಇದರ ಇನ್ನೊಂದು ಮಗ್ಗುಲು ನೋಡಿ. ಎನ್‌ಎಂಆರ್ ಎಂಬ ಹಾಜರಿ ಪಟ್ಟಿ ಮುಗಿದ 15 ದಿನದೊಳಗೆ ಕೂಲಿ ಕೊಡಬೇಕು, ತಡವಾದರೆ ದಿನಕ್ಕೆ ಶೇ 0.05ರಂತೆ ಪರಿಹಾರ ಕೊಡಬೇಕು ಎಂಬುದು ನಿಯಮ. ಕೇಂದ್ರದ ಹಂತದಲ್ಲಿ ಆಗುವ ತಡವನ್ನು ಲೆಕ್ಕಕ್ಕೇ ಹಿಡಿಯದೆ ಬಿಟ್ಟದ್ದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತ್ತು. ಕೂಲಿಯವಳು ಹತ್ತು ನಿಮಿಷ ತಡವಾದರೆ ಹಿಡಿಯುವ ಆ್ಯಪ್ ಇದೆ. ಸರ್ಕಾರ ಹತ್ತು ವಾರ ತಡ ಮಾಡಿದರೆ ಅದನ್ನು ಹಿಡಿದು, ಅಧಿಕಾರಿಯ ಫೋಟೋ ದಿನಕ್ಕೆರಡು ಸಲ ಏರಿಸುವ ಆ್ಯಪ್ ಯಾಕಿಲ್ಲ? 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೆ ಹೊಸ ಕಾಯ್ದೆ ತಂದಾಗ ಬೆರಳಚ್ಚು, ಮುಖಗುರುತು, ಕೃತಕ ಬುದ್ಧಿಮತ್ತೆ ಇವೆಲ್ಲ ಕಾಯ್ದೆಯ ಭಾಷೆಯೊಳಗೇ ಬಂದು ಕುಳಿತವು.

ಬೆರಳಚ್ಚಿನ ಚರಿತ್ರೆಯೇ ಕುತೂಹಲದ್ದು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಂದು ಕರಾರುಪತ್ರದ ಹಿಂದೆ ಅಂಗೈ ಒತ್ತಿಸಿಕೊಂಡ. ಒತ್ತಿದವ ರಾಜ್ಯಧರ ಕೋನಾಯಿ, ರಸ್ತೆಗೆ ಕಂಕರು ಪೂರೈಸುವ ಗುತ್ತಿಗೆದಾರ. ಆಮೇಲೆ ಮಾತು ತಪ್ಪದಿರಲಿ ಎಂದು ಹೆದರಿಕೆ ಹುಟ್ಟಿಸಲು ಹರ್ಷೆಲ್ ಹಾಗೆ ಮಾಡಿದನೆಂದು ಅವನೇ ಬರೆದುಕೊಂಡಿದ್ದಾನೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬಿಬ್ಬರು ಭಾರತೀಯರು ಅದರ ವರ್ಗೀಕರಣ ಕಟ್ಟಿದರು. ಹೆಸರು ಪಡೆದವನು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿ. ಇಳಕಲ್ಲಿನಲ್ಲಿ ಗ್ರಾನೈಟ್ ಕಡಿದು, ಮಗ್ಗದ ನೂಲು ಎಳೆದು ಗೆರೆ ಸವೆದ ಬೆರಳನ್ನು ಇಂದು ರೇಷನ್ ಅಂಗಡಿಯ ಯಂತ್ರ ಗುರುತಿಸದೆ ಮೂರು ಸಲ ಒರೆಸಿ ಒತ್ತಿಸುವುದನ್ನು ನೋಡಿದರೆ, ಈ ವಿದ್ಯೆ ಹುಟ್ಟಿದ್ದೇ ದುಡಿಯುವವರ ಮೇಲಿನ ಗುಮಾನಿಯಿಂದ ಎಂಬುದು ನೆನಪಾಗುತ್ತದೆ.

ಆ ಗುಮಾನಿಗೆ ನಮ್ಮ ಸೀಮೆಯಲ್ಲಿ ಹಳೆಯ ವಿಳಾಸವಿದೆ. ಹರ್ಷೆಲ್ ಅಂಗೈ ಒತ್ತಿಸಿಕೊಂಡ ಹಿಂದಿನ ವರ್ಷವೇ ಮುಧೋಳ ತಾಲ್ಲೂಕಿನ ಹಲಗಲಿಯಲ್ಲಿ ಬೇಡರು ಕತ್ತಿ, ಬಂದೂಕು ಒಪ್ಪಿಸುವುದಿಲ್ಲವೆಂದು ನಿಂತರು. 1857ರ ನಿಶ್ಶಸ್ತ್ರೀಕರಣದ ಹುಕುಮು ಅವರಿಗೆ ಬರೀ ಆಯುಧ ಕಿತ್ತುಕೊಳ್ಳುವ ಮಾತಾಗಿರಲಿಲ್ಲ. ಬೇಟೆ ಅವರ ಅನ್ನ, ಊರ ಕಾವಲು ಅವರ ಉದ್ಯೋಗ. ತಳವಾರ, ವಾಲೀಕಾರ ಎಂದು ಊರನ್ನು ಕಾಯುತ್ತಿದ್ದವರನ್ನೇ ಇನ್ನು ಮೇಲೆ ಕಾಯಬೇಕಾದವರು ಎಂದು ಸರ್ಕಾರ ತೀರ್ಮಾನಿಸಿತ್ತು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿ ಮಾಲ್ಕಮ್‌ನ ದಂಡು ಊರಿಗೆ ನುಗ್ಗಿ ಬೆಂಕಿ ಹಚ್ಚಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ ಆರು ಜನರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಹತ್ತನೇ ತರಗತಿಯ ಮಕ್ಕಳು ಅದನ್ನು ದೇಶಭಕ್ತಿಯ ಪಾಠವಾಗಿ ಓದುತ್ತಾರೆ. ಹೊಟ್ಟೆಪಾಡಿನ ಪಾಠವಾಗಿಯೂ ಓದಬೇಕು ಎಂದು ನನಗನ್ನಿಸುತ್ತದೆ.

ಗುಂಡಿನಿಂದ ಆಳುವುದು ದುಬಾರಿ. ಮುಂದೆ ಸರ್ಕಾರ ಪುಸ್ತಕದಿಂದ ಆಳಲು ಕಲಿಯಿತು. 1871ರಲ್ಲಿ ಉತ್ತರದಲ್ಲಿ ಶುರುವಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು 1911ರ ಹೊಸ ಕಾಯ್ದೆ ದೇಶಕ್ಕೆಲ್ಲ ಹಬ್ಬಿಸಿತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಮೂರೂ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯ ತಾಲ್ಲೂಕುಗಳು. (ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು.) ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು ಹುಟ್ಟಿನಿಂದಲೇ ಅಪರಾಧಿಗಳು ಎಂದು ಬರೆದಿಟ್ಟು, ಬೆರಳಚ್ಚು ತೆಗೆದು, ಗೊತ್ತುಮಾಡಿದ ವೇಳೆಗೆ ಹಾಜರಿ ಹಾಕಬೇಕು, ಊರು ಬಿಟ್ಟರೆ ತಿಳಿಸಿ ಹೋಗಬೇಕು ಎಂದು ಕಟ್ಟು ಮಾಡಿದರು. ವಿಜಾಪುರದಲ್ಲಿ ಐಸಿಎಸ್ ಅಧಿಕಾರಿ ಸ್ಟಾರ್ಟ್ ಎಂಬಾತ ಸೆಟ್ಲ್‌ಮೆಂಟ್ ಕಟ್ಟಿದ. ತಂತಿಬೇಲಿಯೊಳಗಿನ ವಸತಿ ಅದು. ಆಮೇಲೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲೂ ಬಂದವು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಓಣಿಯ ಹೆಸರು ಇವತ್ತಿಗೂ ಇದೆ.

ಆ ಬೇಲಿಯೊಳಗಿನ ಜನ ಹಗಲು ಎಲ್ಲಿಗೆ ಹೋಗುತ್ತಿದ್ದರು ಎಂದು ಕೇಳಿದರೆ ಇಡೀ ವ್ಯವಸ್ಥೆ ಬೇರೆಯಾಗಿ ಕಾಣುತ್ತದೆ. ಹತ್ತಿಯ ಗಿರಣಿಗೆ, ರೈಲ್ವೆ ಕೆಲಸಕ್ಕೆ, ಕಲ್ಲು ಒಡೆಯಲು. ಉಪ್ಪು, ದನ, ಚಾಪೆ, ಬುಟ್ಟಿ ಎಂದು ತಿರುಗಾಡಿ ಬದುಕುತ್ತಿದ್ದವರ ವ್ಯಾಪಾರವನ್ನು ರೈಲು ಮತ್ತು ಅರಣ್ಯ ಕಾನೂನು ಮೊದಲೇ ಮುರಿದಿದ್ದವು. ಉಳಿದದ್ದು ಕೈ ಕಾಲು. ಗಿರಣಿಗೆ ಬೇಕಾದದ್ದೂ ಅದೇ, ಅದೂ ಬಿಟ್ಟು ಓಡಿಹೋಗಲಾರದ ಕೈ ಕಾಲು. ಕೆಲಸ ಬಿಟ್ಟರೆ ಸಾಮಾನ್ಯ ಕೂಲಿಗೆ ಪಗಾರ ತಪ್ಪುತ್ತದೆ, ಇವರಿಗೆ ಜೈಲೇ ಗತಿ. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ಮದ್ರಾಸ್ ಪ್ರಾಂತದ ಕೊರವರ ಬಗ್ಗೆ ಬರೆಯುತ್ತ ಕಾಯ್ದೆ ಮತ್ತು ಕಾರ್ಖಾನೆಯ ಈ ನಂಟನ್ನು ವಿವರವಾಗಿ ತೋರಿಸಿದ್ದಾರೆ. ಸ್ಟಾರ್ಟ್ ಕೆಟ್ಟವನಾಗಿದ್ದ ಎಂದು ಹೇಳಲು ಹೊರಟಿಲ್ಲ. ಶಾಲೆ ಕಟ್ಟಿಸಿದ, ಸಹಕಾರ ಸಂಘ ಮಾಡಿಸಿದ, 1928ರಲ್ಲಿ ಅವನ ಅಧ್ಯಕ್ಷತೆಯ ಸಮಿತಿಯಲ್ಲಿ ಡಾ. ಅಂಬೇಡ್ಕರರೂ ಸದಸ್ಯರಾಗಿದ್ದರು. ಆದರೂ ತಾಯಿ ತಂದೆಯಿಂದ ಮಕ್ಕಳನ್ನು ಬಿಡಿಸಿ ಬೇರೆ ಇಡುವ ಅಧಿಕಾರ ಆ ಕಾಯ್ದೆಯಲ್ಲಿತ್ತು. ಒಳ್ಳೆಯ ಅಧಿಕಾರಿಯ ಕೈಯಲ್ಲೂ ಕೆಟ್ಟ ಕಾಯ್ದೆ ಕೆಟ್ಟದ್ದೇ. ಮುಂಬೈ ಸರ್ಕಾರ 1949ರಲ್ಲಿ, ದೇಶ 1952ರ ಆಗಸ್ಟ್ 31ರಂದು ಅದನ್ನು ಕೈಬಿಟ್ಟವು. ಆದರೆ ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಹೊಸ ಅಂಗಿ ತೊಟ್ಟು ಅದೇ ಗುಮಾನಿ ಮರಳಿತು. ಕರ್ನಾಟಕದ್ದು 1961ರದು. ಆ ಗುಮಾನಿಯ ನೆರಳು ಜೈಲಿನೊಳಗೂ ಇತ್ತು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಮೊನ್ನೆ ಮೊನ್ನೆ.

ಗುಳೆ ಹೋದವರ ಕಥೆಗೆ ಬರೋಣ. ಬಾದಾಮಿ, ಹುನಗುಂದದ ಮಳೆಯಾಶ್ರಿತ ಹಳ್ಳಿಗಳಿಂದ ಗೋವಾಕ್ಕೆ, ಘಟ್ಟದ ಕೆಳಗಿನ ಮಂಗಳೂರು, ಉಡುಪಿಗೆ ದುಡಿಯಲು ಹೋಗುವುದು ತಲೆಮಾರುಗಳಿಂದ ನಡೆದಿದೆ. ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಮನೆಗಳನ್ನು 2004ರಲ್ಲಿ, ಮತ್ತೆ 2017ರಲ್ಲಿ ಕೆಡವಿದರು. 2024ರಲ್ಲಿ ಗೋವಾ ವಿಧಾನಸಭೆ ಬಾಡಿಗೆದಾರರ ಪರಿಶೀಲನೆಗೆಂದೇ ಕಾಯ್ದೆ ಮಾಡಿತು. ಬಾಡಿಗೆಗೆ ಬಂದವರ ವಿವರ ಪೊಲೀಸ್ ಠಾಣೆಗೆ ಕೊಡದ ಮನೆ ಮಾಲೀಕನಿಗೆ ದಂಡ. ಹೊರಗಿನವರಿಂದ ಅಪರಾಧ ಹೆಚ್ಚುತ್ತಿದೆ ಎಂಬುದು ಕಾರಣ. ಈ ಮಾತನ್ನು ಬೆಂಗಳೂರಿನಲ್ಲಿ ಬಿಹಾರಿಗಳ ಬಗ್ಗೆ ನಾವೂ ಆಡುತ್ತೇವೆ, ಹಾಗಾಗಿ ಗೋವಾದವರನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಆದರೆ ಇನ್ನೊಂದು ಕಾಯ್ದೆ ಇತ್ತು, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಅದರ ಪ್ರಕಾರ ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು, ಪ್ರತಿಯೊಬ್ಬರಿಗೂ ಫೋಟೋ ಹಚ್ಚಿದ ಪಾಸ್‌ಬುಕ್ ಕೊಡಬೇಕು, ಪ್ರಯಾಣ ಭತ್ಯೆ ಕೊಡಬೇಕು, ಎರಡೂ ರಾಜ್ಯದ ಅಧಿಕಾರಿಗಳಿಗೆ ಪಟ್ಟಿ ಸಲ್ಲಿಸಬೇಕು. ಸಾರಿಗೆ ನಿಂತ 2020ರ ಲಾಕ್‌ಡೌನ್‌ನಲ್ಲಿ ಆ ಪಟ್ಟಿ ಬೇಕಾಗಿತ್ತು. ಇರಲಿಲ್ಲ. ದಾರಿಯಲ್ಲಿ ಸತ್ತ ವಲಸಿಗರ ಲೆಕ್ಕ ತನ್ನಲ್ಲಿಲ್ಲ ಎಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿತು. ಒಬ್ಬನೇ ಮನುಷ್ಯ, ಅವನ ಆಧಾರ್ ಪ್ರತಿ ವಾಸ್ಕೋದ ಠಾಣೆಯ ಕಡತದಲ್ಲಿ ಇರಬಹುದು, ಅವನ ಹೆಸರು ಕಾರ್ಮಿಕ ಇಲಾಖೆಯ ರಿಜಿಸ್ಟರಿನಲ್ಲಿ ಇಲ್ಲ. ಕಣ್ಗಾವಲಿನ ಬಗ್ಗೆ ಸಮಾಜವಾದಿ ಹೇಳಬೇಕಾದ ಮಾತು ನನ್ನ ಮಟ್ಟಿಗೆ ಇಲ್ಲೇ ಇದೆ. ಖಾಸಗಿತನದ ಹಕ್ಕು ಬೇಕು. ಅದನ್ನು ಗೆದ್ದುಕೊಟ್ಟದ್ದೂ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2017ರ ಆಗಸ್ಟ್ 24ರ ತೀರ್ಪಿನಲ್ಲಿ. ಆದರೆ 'ನನ್ನನ್ನು ನೋಡಬೇಡ' ಎಂಬುದು ಗಟ್ಟಿ ಬಾಗಿಲಿನ ಮನೆ ಇದ್ದವರಿಗೆ ಸಾಕಾಗುವ ಬೇಡಿಕೆ. ಗುತ್ತಿಗೆದಾರನ ಶೆಡ್ಡಿನಲ್ಲಿ ಮಲಗುವವನಿಗೆ ಸರ್ಕಾರ ಗುತ್ತಿಗೆದಾರನನ್ನು ನೋಡುವುದೂ ಬೇಕು.

ಕಾರ್ಲ್ ಮಾರ್ಕ್ಸ್‌ನ ಲಂಡನ್ ಮನೆಗೆ ಪ್ರಷ್ಯಾದ ಗೂಢಚಾರ ಬಂದು ಕುರ್ಚಿಯ ಮುರಿದ ಕಾಲಿನವರೆಗೆ ವರದಿ ಬರೆದು ಕಳಿಸಿದ್ದ. ಸರ್ಕಾರಿ ಕಣ್ಣು ಏನೆಂದು ಮಾರ್ಕ್ಸ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಮನುಷ್ಯ 'ಬಂಡವಾಳ'ದಲ್ಲಿ ದುಡಿಮೆಯ ದಿನದ ಬಗ್ಗೆ ಬರೆಯುವಾಗ ಪುಟ ಪುಟಕ್ಕೂ ನೆಚ್ಚಿಕೊಂಡದ್ದು ಸರ್ಕಾರಿ ಫ್ಯಾಕ್ಟರಿ ಇನ್‌ಸ್ಪೆಕ್ಟರುಗಳ ವರದಿಗಳನ್ನು. ಲಿಯೊನಾರ್ಡ್ ಹಾರ್ನರ್ ಎಂಬ ಇನ್‌ಸ್ಪೆಕ್ಟರನನ್ನು ಮನಸಾರೆ ಹೊಗಳಿದ್ದಾನೆ. ಗಿರಣಿ ಮಾಲೀಕನ ಗಡಿಯಾರವನ್ನು ಯಾರಾದರೂ ಹೋಗಿ ನೋಡಬೇಕಿತ್ತು. ನಮ್ಮಲ್ಲಿ 2019ರ ವೇತನ ಸಂಹಿತೆ ಆ ಇನ್‌ಸ್ಪೆಕ್ಟರನ ಹೆಸರಿಗೆ 'ಅನುಕೂಲಕಾರ' ಎಂಬ ಬಾಲ ಅಂಟಿಸಿ, ಯಾವ ಕಾರ್ಖಾನೆಗೆ ಹೋಗಬೇಕೆಂಬುದನ್ನು ಕಂಪ್ಯೂಟರಿನ ಚೀಟಿಗೆ ಬಿಟ್ಟಿತು. ಕೂಲಿಯವಳಿಗೆ ದಿನಕ್ಕೆರಡು ಸಲ ತಪ್ಪದ ತಪಾಸಣೆ, ಮಾಲೀಕನಿಗೆ ಅದೃಷ್ಟದ ಮೇಲೆ.

ಇಳಕಲ್ಲಿಗೆ ಹೋದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಪ್ರಕಾರ ಕೆಲವು ಬಟ್ಟೆಗಳನ್ನು ಕೈಮಗ್ಗದಲ್ಲಷ್ಟೇ ನೇಯಬೇಕು. ಮೊದಲು 22 ಬಗೆ ಇದ್ದವು, ಆಮೇಲೆ 11ಕ್ಕೆ ಇಳಿಸಿದರು. ಸೀರೆ ಆ ಪಟ್ಟಿಯಲ್ಲಿದೆ. ವಿದ್ಯುತ್ ಮಗ್ಗದ ಮಾಲೀಕರು ಕೋರ್ಟಿಗೆ ಹೋದರು, 1993ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಇಳಕಲ್ ಸೀರೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದನ್ನೇ ಕೊಂಡಿ ಹಾಕಿ ಜೋಡಿಸಿ, ತೋಪ ತೆನಿಯ ಸೆರಗು ನೇಯುವ ಕೆಲಸಕ್ಕೆ ಕಾನೂನಿನ ಕಾವಲು ಕಾಗದದ ಮೇಲೆ ಭರ್ತಿಯಾಗಿದೆ. ಆದರೆ ವಿದ್ಯುತ್ ಮಗ್ಗದಲ್ಲಿ ತೆಗೆದ ಸೀರೆ ಇಳಕಲ್ ಹೆಸರಿನಲ್ಲೇ ಅಂಗಡಿಗಳಲ್ಲಿ ತೂಗುತ್ತದೆ. ಅದನ್ನು ಹಿಡಿಯಬೇಕಾದ ಕಣ್ಣು ಅತ್ತ ಹೊರಳುವುದಿಲ್ಲ. ನೇಕಾರನ ಕಡೆಗೆ ಮಾತ್ರ ಸರಿಯಾಗಿ ಹೊರಳುತ್ತದೆ. ಗುರುತಿನ ಚೀಟಿ, ಮಗ್ಗದ ಜೊತೆ ನಿಂತ ಫೋಟೋ, ಆಧಾರ್, ಬ್ಯಾಂಕ್ ಜೋಡಣೆ, ಇವೆಲ್ಲ ಸಹಾಯಧನಕ್ಕೆ ಬೇಕು. ಅವನು ನೇಕಾರನೇ ಹೌದೇ ಎಂದು ಸರ್ಕಾರಕ್ಕೆ ಪದೇ ಪದೇ ಅನುಮಾನ ಬರುತ್ತದೆ. ಸೀರೆ ಕೈಮಗ್ಗದ್ದೇ ಹೌದೇ ಎಂಬ ಅನುಮಾನ ಅಷ್ಟು ಸುಲಭವಾಗಿ ಬರುವುದಿಲ್ಲ.

ಹಾಗೆಂದು ಸರ್ಕಾರದ ಕಣ್ಣೇ ಬೇಡವೆಂದಲ್ಲ. ಬಡವರಿಗೆ ಪೊಲೀಸ್ ಭದ್ರತೆ ಬೇಡ ಎಂದು ಎಡಪಂಥದ ಗೆಳೆಯರು ಕೆಲವೊಮ್ಮೆ ಆವೇಶದಲ್ಲಿ ಹೇಳುವುದುಂಟು. 2022ರ ಜುಲೈಯಲ್ಲಿ ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ಗಲಭೆಯಾದಾಗ ಸುಟ್ಟದ್ದು ಅಂಗಡಿ, ತಳ್ಳುಗಾಡಿಗಳು. ಗಾಯಾಳುಗಳ ಕುಟುಂಬದ ಮಹಿಳೆಯೊಬ್ಬರು ಸಿದ್ದರಾಮಯ್ಯ ಕೊಟ್ಟ ₹2 ಲಕ್ಷವನ್ನು ಅವರ ಬೆಂಗಾವಲು ವಾಹನದತ್ತ ಎಸೆದದ್ದನ್ನು ಇಡೀ ರಾಜ್ಯ ಟಿ.ವಿ.ಯಲ್ಲಿ ನೋಡಿತು. ಆಕೆಗೆ ಬೇಕಿದ್ದದ್ದು ಗಂಡಸರು ಬೆಳಿಗ್ಗೆ ದುಡಿಯಲು ಹೋಗಿ ಸಂಜೆ ಕೈಕಾಲು ಸಮೇತ ಮರಳುವ ಊರು. ಅದು ಭದ್ರತೆಯೇ. ಗಲಭೆಯ ಮರುದಿನ ನಿಷೇಧಾಜ್ಞೆ, ಕ್ಯಾಮೆರಾ, ರೌಡಿ ಶೀಟರ್‌ಗಳ ಪರೇಡ್ ಇವೆಲ್ಲ ಎಲ್ಲ ಕಡೆಯೂ ಬರುತ್ತವೆ. ಗಲಭೆಗೆ ಮೊದಲು ಊರಿನಲ್ಲಿ ಯಾರು ಯಾರಿಗೆ ದುಡ್ಡು ಹಂಚಿದರು, ಯಾವ ಗುಂಪಿನಲ್ಲಿ ಯಾವ ಸುಳ್ಳು ಓಡಿತು ಎಂಬುದನ್ನು ನೋಡುವ ಕಣ್ಣು ಬೇಕಿದ್ದದ್ದು ಆಗ.

ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮು ಗ್ರಾಮಸಭೆಗೆ ಸಾಮಾಜಿಕ ಪರಿಶೋಧನೆಯ ಹಕ್ಕು ಕೊಟ್ಟಿತ್ತು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ತೊಂಬತ್ತರ ದಶಕದಲ್ಲಿ ಹಾಜರಿ ಪುಸ್ತಕದ ಪ್ರತಿ ತಂದು, ಜನರನ್ನು ಕೂಡಿಸಿ, ಗಟ್ಟಿಯಾಗಿ ಓದಿದ ಅನುಭವದಿಂದ ಹುಟ್ಟಿದ ಕಲಮು ಅದು. ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಹೊರಬಂದದ್ದು ಹಾಗೆ ಓದಿದಾಗಲೇ, ಯಾವ ಆ್ಯಪೂ ಇಲ್ಲದೆ. ನಮ್ಮ ಪಂಚಾಯತಿಗಳಲ್ಲೂ ಪರಿಶೋಧನೆಯ ಗ್ರಾಮಸಭೆ ಕಾಗದದ ಮೇಲೆ ನಡೆಯುತ್ತದೆ, ಕೆಲವೆಡೆ ನಿಜವಾಗಿಯೂ ನಡೆಯುತ್ತದೆ. ಎನ್‌ಎಂಆರ್ ಓದುವ ಅದೇ ಸಭೆಯಲ್ಲಿ ಇನ್ನೂ ಮೂರು ಪಟ್ಟಿ ಓದಲಿ. ಕೂಲಿ ಎಷ್ಟು ದಿನ ತಡವಾಯಿತು ಮತ್ತು ಯಾವ ಮೇಜಿನ ಮೇಲೆ. ತಾಲ್ಲೂಕಿನ ಯಾವ ಕ್ವಾರಿಗೆ, ಪಾಲಿಶ್ ಘಟಕಕ್ಕೆ ಕಾರ್ಮಿಕ ಅಧಿಕಾರಿ ಕೊನೆಯ ಸಲ ಯಾವಾಗ ಹೋಗಿದ್ದರು. ಈ ಊರಿಂದ ಗೋವಾಕ್ಕೆ ಜನ ಕರೆದೊಯ್ದ ಗುತ್ತಿಗೆದಾರ ಯಾರು, ಅವನ ಲೈಸೆನ್ಸ್ ನಂಬರ್ ಏನು. ಮೂರಕ್ಕೂ ಉತ್ತರ ಯಾವುದೋ ಕಚೇರಿಯಲ್ಲಿ ಇರಲೇಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ₹10.